ಹತ್ತೊಂಬತ್ತನೆಯ ಹಾದಿ

ಟೂಸಾನ್, ಜುಲೈ ಹನ್ನೆರಡು

ಹನ್ನೊಂದು ವರ್ಷ ನನ್ನ ಜೊತೆ ನಡೆದ ಮಾರ್ಜರಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ಆಮೇಲೆ ನೀನು ಅಳುತ್ತಿದ್ದೆ, ನಾನೇ ಸಮಾಧಾನ ಮಾಡುತ್ತಿದ್ದೆ, ಕೊನೆಗೆ ತಪ್ಪು ನನ್ನದೇ ಎಂದಾಗುತ್ತಿತ್ತು. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಪೂರ್ತಿ ಓದು.

ನಾವು ನಡೆಯಲು ಶುರು ಮಾಡಿದ್ದು ನಿನ್ನ ಮೊಣಕಾಲಿನ ದೆಸೆಯಿಂದ. ನೀನು ಆಪರೇಷನ್ ಮುಗಿಸಿಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದಿದ್ದೆ. ಕಾಲು ಮಡಿಸಿ ಬಿಡಿಸುವುದನ್ನು ಹೇಳಿಕೊಡುವ ಕೆಲಸ ನನ್ನದು. ಮಿನೆಸೋಟಾದ ಹಿಮ ಬಿಟ್ಟು ಬಂದ ಹೊಸಬಳು, ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸಮತಟ್ಟಾದ ನೆಲದಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದರೆ, ನೀನು ಬಿಸಿಲಿಗೆ ಹೆದರಿ ಮಾಲಿನ ಒಳಗೆ, ಚಪ್ಪಲಿ ಅಂಗಡಿಗಳ ಮುಂದೆ, ಸುತ್ತು ಹೊಡೆಯುತ್ತಿದ್ದೆ. ನೋಡಲಾರದೆ ನಾನೇ ನಿನ್ನನ್ನು ಮರುಭೂಮಿಯ ಹಾದಿಗೆ ಕರೆದುಕೊಂಡು ಹೋದೆ. ನನಗೇನು, ಮನೆಯಲ್ಲಿ ಕೂತು ಕಾಯುವ ಮಕ್ಕಳಿರಲಿಲ್ಲ.

ಮೊದಲ ದಿನವೇ ನೀನು ಬಂಡೆಯ ಮೇಲೆ ಕೂರಲು ಹೋಗಿ ಚೋಯಾ ಕಳ್ಳಿಯ ಒಂದು ತುಂಡನ್ನು ತೊಡೆಗೆ ಅಂಟಿಸಿಕೊಂಡೆ. ಅದೇ ಹಾರಿ ಬಂದು ಕಚ್ಚಿತು ಎಂದು ನಿನ್ನ ದೂರು. ‘ಚೋಯಾ ಹಾರಲ್ಲ ಮಾರ್ಜರಿ, ನೀನೇ ಹೋಗಿ ಅದನ್ನ ತಬ್ಬಿಕೊಂಡಿದ್ದು’ ಎಂದು ನಾನು ಬಾಚಣಿಗೆ ಹಾಕಿ ಕಿತ್ತೆ. ನೀನು ನೋವಿನಲ್ಲೂ ಬಿದ್ದು ಬಿದ್ದು ನಕ್ಕೆ. ಮರುದಿನ ನಿನ್ನ ಜೇಬಿನಲ್ಲೂ ಒಂದು ಬಾಚಣಿಗೆ. ಆ ನಗುವಿಗೇ ನಾನು ಸೋತಿದ್ದು.

ಬೆಳಿಗ್ಗೆ ಐದಕ್ಕೆ ಹೊರಟು ಎಂಟಕ್ಕೆ ವಾಪಸ್. ಜೂನ್ ತಿಂಗಳಲ್ಲಿ ಅಷ್ಟು ಹೊತ್ತಿಗಾಗಲೇ ನೆತ್ತಿ ಸುಡುತ್ತಿತ್ತು. ಬಾಟಲಿಯ ನೀರು ಅರ್ಧವಾದರೆ ಎಲ್ಲಿದ್ದರೂ ತಿರುಗುವುದು, ಹೆಜ್ಜೆಗಿಂತ ಮೊದಲು ಕಣ್ಣಿಡುವುದು, ಬಂಡೆಯ ಸಂದಿಗೆ ಕೈ ಹಾಕದಿರುವುದು, ಎಲ್ಲವನ್ನೂ ನೀನು ಕಲಿತೆ. ನನ್ನಷ್ಟೇ ಚೆನ್ನಾಗಿ ನಡೆಯತೊಡಗಿದೆ. ನೀನು ನೋಟ್ ಪುಸ್ತಕ ಹಿಡಿದು ಹಕ್ಕಿಗಳ ಹೆಸರು ಬರೆದುಕೊಳ್ಳುತ್ತಿದ್ದೆ, ನಾನು ನಿಂತು ಕಾಯುತ್ತಿದ್ದೆ. ನನ್ನ ಗಂಡ ಬಿಟ್ಟು ಹೋದ ವಿಷಯವನ್ನು ಅಕ್ಕತಂಗಿಯರಿಗಿಂತ ಮೊದಲು ಹೇಳಿದ್ದು ನಿನಗೆ. ಅವತ್ತು ನೀನು ಏನೂ ಬರೆದುಕೊಳ್ಳಲಿಲ್ಲ, ಅದು ನನಗೆ ನೆನಪಿದೆ.

ನಿಮ್ಮವರು ಹಣ್ಣು ಬಿಡಿಸುವ ಜಾಗಕ್ಕೆ ನನ್ನನ್ನೂ ಕರೆದುಕೊಂಡು ಹೋಗು ಎಂದು ನೀನು ಮೂರು ವರ್ಷ ಕೇಳಿದೆ. ನಾನು ಮೂರು ವರ್ಷವೂ ಮಾತು ಮರೆಸಿದೆ. ಮರದೆತ್ತರದ ಸವಾರೊ ಕಳ್ಳಿಗಳ ಆ ತೋಪು ನಮ್ಮ ಓಓಧಮ್ ಬುಡಕಟ್ಟಿನ ಮೀಸಲು ನೆಲದೊಳಗಿಲ್ಲ, ಬೇಲಿಯಾಚೆಯ ಸರ್ಕಾರದ ನೆಲ. ಬೀಗ ಹಾಕುವ ಹಕ್ಕು ನಮಗಿಲ್ಲ. ನನ್ನ ಅಜ್ಜಿಯ ತಾಯಿಯ ಕಾಲದಿಂದ ನಮ್ಮ ಮನೆಯವರು ಪ್ರತಿ ಜೂನ್ ಅಲ್ಲಿ ಚಪ್ಪರದ ಕೆಳಗೆ ಇದ್ದು, ಹಣ್ಣು ಬಿಡಿಸಿ, ಪಾಕ ಕಾಯಿಸಿಕೊಂಡು ಬರುತ್ತಾರೆ. ಅದನ್ನು ಇಷ್ಟು ದಿನ ಕಾಪಾಡಿದ್ದು ಒಂದೇ: ನಾವು ಯಾರಿಗೂ ಹೇಳುತ್ತಿರಲಿಲ್ಲ.

ಕೊನೆಗೆ ಹೇಳಿದೆ. ಎರಡು ವರ್ಷದ ಹಿಂದೆ ಎರ್ಮಾ ದೊಡ್ಡಮ್ಮನ ಮುಂದೆ ನಿನ್ನನ್ನು ನಿಲ್ಲಿಸಿದೆ. ದೊಡ್ಡಮ್ಮ ನಿನ್ನನ್ನು ನೋಡಲಿಲ್ಲ, ನಿನ್ನ ಕೈಯ ನೋಟ್ ಪುಸ್ತಕ ನೋಡಿದಳು.

‘ಇವಳು ಬರೆಯೋ ಹೆಂಗಸೇನೆ?’ ಎಂದು ನಮ್ಮ ಭಾಷೆಯಲ್ಲಿ ನನ್ನನ್ನು ಕೇಳಿದಳು.

‘ಹಕ್ಕಿಗಳ ಹೆಸರು ಬರ್ಕೊಳ್ತಾಳೆ ದೊಡ್ಡಮ್ಮ, ಅಷ್ಟೇ’ ಎಂದೆ.

ನೀನು ನಗುತ್ತಾ ನಿಂತಿದ್ದೆ. ನಿನ್ನ ಪರವಾಗಿ ನಾನು ಕೊಟ್ಟ ಜಾಮೀನು ಅದು, ಮಾರ್ಜರಿ. ನೀನೂ ವಾಪಸ್ ಬರುವಾಗ ಕಾರಿನಲ್ಲಿ ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ನಾನು ಕೇಳದೆಯೇ ಮಾತು ಕೊಟ್ಟೆ.

ಆಮೇಲೆ ದೊಡ್ಡಮ್ಮ ನಿನಗೆ ಏನೂ ಬಚ್ಚಿಡಲಿಲ್ಲ. ತನ್ನ ಗಂಡ ಸವಾರೊದ ಒಣ ಗಳುಗಳನ್ನು ಜೋಡಿಸಿ ಕಟ್ಟಿದ್ದ ಉದ್ದನೆಯ ದೋಟಿಯನ್ನು ನಿನ್ನ ಕೈಗೆ ಕೊಟ್ಟಳು. ಮೊದಲ ಹಣ್ಣನ್ನು ಎದೆಗೆ ಮುಟ್ಟಿಸಿಕೊಂಡು ತಿನ್ನುವುದು ಹೇಗೆ, ತಿಂದ ಮೇಲೆ ಸಿಪ್ಪೆಯನ್ನು ಅದರ ಕೆಂಪು ಒಳಮೈ ಆಕಾಶಕ್ಕೆ ಕಾಣುವ ಹಾಗೆ ಗಿಡದ ಬುಡದಲ್ಲಿ ಇಡುವುದು ಹೇಗೆ ಎಂದು ತೋರಿಸಿದಳು. ಅದನ್ನು ನೋಡಿ ಮಳೆಗೆ ನಮ್ಮ ನೆನಪಾಗಬೇಕು. ಸವಾರೊಗಳು ನಮ್ಮ ಹಾಗೇ ಮನುಷ್ಯರು, ಹಾಗಾಗಿ ಕಲ್ಲು ಎಸೆಯಬಾರದು ಎಂದೂ ಹೇಳಿದಳು. ನೀನು ಕಣ್ಣೊರೆಸಿಕೊಂಡೆ. ನಿನ್ನ ಆ ಕಣ್ಣೀರು ಸುಳ್ಳೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಈ ವರ್ಷ ದೊಡ್ಡಮ್ಮನಿಗೆ ಎಂಬತ್ತೊಂದು. ಇನ್ನು ಬಿಸಿಲಲ್ಲಿ ನಿಲ್ಲಲಾರೆ ಎಂದು, ಈ ಸಲದ ಕೊಯ್ಲಿನಲ್ಲಿ ದೋಟಿಯನ್ನೂ ಚಪ್ಪರವನ್ನೂ ನನ್ನ ಕೈಗೆ ಒಪ್ಪಿಸುವುದಾಗಿ ಚಳಿಗಾಲದಲ್ಲೇ ಹೇಳಿದ್ದಳು. ನಮ್ಮಲ್ಲಿ ಕೊಯ್ಲಿನಿಂದಲೇ ಹೊಸ ವರ್ಷ. ಆ ತೋಪನ್ನು ನೋಡಿಕೊಳ್ಳುವವಳು ಎನ್ನಿಸಿಕೊಳ್ಳುವುದು ಬಿಟ್ಟರೆ ಈ ಜನ್ಮದಲ್ಲಿ ನಾನು ಆಸೆಪಟ್ಟದ್ದು ಹೆಚ್ಚೇನಿಲ್ಲ. ನಿನಗೆ ಅದೂ ಗೊತ್ತಿತ್ತು. ಸುದ್ದಿ ಹೇಳಿದ ದಿನ ನೀನು ನನ್ನನ್ನು ಅಪ್ಪಿಕೊಂಡೆ. ಅಷ್ಟು ಹೊತ್ತಿಗೆ, ನನಗೆ ಸುಳಿವೂ ಇಲ್ಲದ ನಿನ್ನ ಪುಸ್ತಕ ಅಚ್ಚಿಗೆ ಹೋಗಿತ್ತು.

ಜೂನ್ ಇಪ್ಪತ್ತಕ್ಕೆ ನಾವು ಅಲ್ಲಿಗೆ ಹೋದೆವು. ದೊಡ್ಡಮ್ಮ, ಅವಳ ಮೊಮ್ಮಗಳು ಲಿಯೋನಾ, ನಾನು. ಬೆಳಗಿನ ಆರಕ್ಕೇ ಏಳು ಕಾರು ನಿಂತಿದ್ದವು. ಕೈಗೆಟಕುವ ಹಣ್ಣು ಒಂದೂ ಉಳಿದಿರಲಿಲ್ಲ. ದೋಟಿ ಎರಡು ತುಂಡಾಗಿ ಚಪ್ಪರದ ಪಕ್ಕದಲ್ಲಿ ಬಿದ್ದಿತ್ತು. ಕಲ್ಲೇಟು ತಿಂದ ಒಂದು ಸವಾರೊದ ತೋಳಿನಿಂದ ನೀರು ಒಸರಿ ಕಪ್ಪುಗಟ್ಟಿತ್ತು. ಮತ್ತೆ ಸಿಪ್ಪೆಗಳು. ದಾರಿಯುದ್ದಕ್ಕೂ, ಪ್ರತಿ ಗಿಡದ ಬುಡದಲ್ಲೂ, ನೂರಾರು ಸಿಪ್ಪೆಗಳು. ಒಂದೂ ಬೋರಲಾಗಿರಲಿಲ್ಲ. ಎಲ್ಲವೂ ಕೆಂಪು ಒಳಮೈ ಮೇಲೆ ಮಾಡಿಕೊಂಡು ಮಲಗಿದ್ದವು.

ದೊಡ್ಡಮ್ಮ ಬಗ್ಗಿ ನೋಡಿದಳು. ‘ಎಲ್ಲರೂ ಸರಿಯಾಗೇ ಇಟ್ಟಿದಾರೆ’ ಎಂದಳು.

ಅದನ್ನು ಕೇಳಿದ ಮೇಲೇ ನನಗೆ ಹೊಳೆದದ್ದು. ಒಬ್ಬರೋ ಇಬ್ಬರೋ ಕದ್ದು ತಿಂದರೆ ಸಿಪ್ಪೆ ಹೇಗೆಂದರೆ ಹಾಗೆ ಬೀಳುತ್ತದೆ. ಇವರಿಗೆ ಯಾರೋ ಕಲಿಸಿದ್ದಾರೆ. ಟೋಪಿ ಹಾಕಿಕೊಂಡ ಗಂಡ ಹೆಂಡತಿ ಎದುರಾದರು, ಒಳ್ಳೆಯ ಜನ, ನಮಗೆ ನೀರು ಬೇಕೇ ಎಂದು ಕೇಳಿದರು. ಅವರ ಕೈಯಲ್ಲಿ ನಿನ್ನ ಪುಸ್ತಕ: ‘ಬಿಸಿಲಿಗೂ ಸುಲಭದ ಹಾದಿಗಳು’. ಹತ್ತೊಂಬತ್ತನೆಯ ಹಾದಿ. ಮುರಿದ ಗಾಳಿಯಂತ್ರದ ಹತ್ತಿರ ಕಾರು ನಿಲ್ಲಿಸಿ, ಎರಡೇ ಮೈಲಿ, ಏರಿಳಿತವಿಲ್ಲ, ಮೊಣಕಾಲು ನೋವಿನವರಿಗೂ ಆದೀತು. ಹಣ್ಣು ಬಿಡಿಸುವ ಕೋಲು ಚಪ್ಪರದ ಬಳಿ ಸಿಗುತ್ತದೆ. ಸಿಪ್ಪೆಯನ್ನು ಹೀಗಿಟ್ಟು ನೀವೂ ಮಳೆಯನ್ನು ಕರೆಯಿರಿ. ಆ ಹೆಂಗಸು ಮೊದಲ ಪುಟ ತೆಗೆದು ತೋರಿಸಿದಳು: ‘ಈ ಹಾದಿಯನ್ನು ನನಗೆ ತೋರಿಸಿದ ಗೆಳತಿ ಡೆಲ್ಫೀನಾಳಿಗೆ ಕೃತಜ್ಞತೆಗಳು.’ ಲಿಯೋನಾ ಅದನ್ನು ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು.

ನೀನು ಮಾಡಿದ್ದಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನನ್ನ ಹೆಸರು ಹಾಕಿ ನನ್ನನ್ನೂ ಪಾಲುದಾರಳನ್ನಾಗಿ ಮಾಡಿದೆಯಲ್ಲ! ಉಂಡ ಮನೆಗೆ ಎರಡು ಬಗೆದವಳು ನೀನು. ಆದರೆ ಅದನ್ನು ಓದಿದ ನಮ್ಮವರ ಕಣ್ಣಿಗೆ ಅವಳು ನಾನು.

ಅವತ್ತು ಮಧ್ಯಾಹ್ನ, ನೂರೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ, ನಿನ್ನ ಮನೆಗೆ ಬಂದೆ. ನೀನು ಬೆಚ್ಚಲೂ ಇಲ್ಲ. ‘ನಿಮ್ಮವರ ಮೇಲಿನ ಗೌರವದಿಂದಲೇ ಬರೆದಿದೀನಿ ಡೆಲ್ಫೀನಾ. ನಾಲ್ಕು ಜನಕ್ಕೆ ಗೊತ್ತಾದ್ರೆ ತಾನೇ ಇದೆಲ್ಲ ಉಳಿಯೋದು?’ ಎಂದೆ. ಅದನ್ನು ನೀನು ನಿಜವಾಗಿಯೂ ನಂಬಿದ್ದೀಯ. ನಾನು ಬಾಗಿಲು ಹಾಕಿಕೊಂಡು ಹೊರಟು ಬಂದೆ. ಅದಕ್ಕೆ ಉತ್ತರ ಇವತ್ತು ಕೊಡುತ್ತೇನೆ: ನಾಲ್ಕು ಜನಕ್ಕೆ ಗೊತ್ತಾಗದೇ ಇದ್ದದ್ದರಿಂದಲೇ ಅದು ನೀನು ಬರುವ ತನಕ ಉಳಿದಿತ್ತು.

ಮರುದಿನ ದೊಡ್ಡಮ್ಮನ ಮನೆಗೆ ಹೋದರೆ ಬಾಗಿಲು ಹಾಕಿತ್ತು. ಕೊಯ್ಲಿಗೆ ಹೋಗಿದ್ದಾರೆ ಎಂದರು ಪಕ್ಕದ ಮನೆಯವರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಹತ್ತು ದಿನದ ಮೇಲೆ ದೊಡ್ಡಮ್ಮ ಹೇಳಿಕಳಿಸಿದಳು. ಕಾಳು ಬೇಯಿಸಿ, ಟಾರ್ಟಿಯಾ ರೊಟ್ಟಿ ತಟ್ಟಿ ಬಡಿಸಿದಳು. ಊಟ ಮುಗಿದ ಮೇಲೆ ಹೊಸ ಪಾಕದ ಒಂದು ಬಾಟಲಿ ನನ್ನ ಮುಂದಿಟ್ಟಳು. ಎಲ್ಲಿ ಬಿಡಿಸಿದಿರಿ ಎಂದು ಕೇಳಿದೆ.

‘ಎಲ್ಲೋ ಒಂದು ಕಡೆ’ ಎಂದಳು.

ನಾನು ಅಳತೊಡಗಿದೆ. ಅವಳು ನನ್ನ ತಲೆ ಸವರಿದಳು. ‘ಕೋಪ ಇಲ್ಲ ಕಣೆ ಮಗಳೇ. ನಿಂದು ಕೊಡೋ ಕೈ. ಹೇಳಿದ್ರೆ ಪ್ರೀತಿ ಉಕ್ಕಿ ಇನ್ಯಾರನ್ನೋ ಕರ್ಕೊಂಡು ಬರ್ತೀಯ. ಹೊಸ ದೋಟಿ ಲಿಯೋನಾಗೆ ಕೊಟ್ಟಿದೀನಿ. ನಿನ್ನ ಪಾಲು ವರ್ಷ ವರ್ಷ ಮನೆಗೆ ಬರುತ್ತೆ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಾಲು ಕಳಿಸುತ್ತಾಳಂತೆ, ದೂರದ ನೆಂಟರಿಗೆ ಕಳಿಸುವ ಹಾಗೆ.

ಮೊನ್ನೆ ಮೊದಲ ಮಳೆ ಬಂತು. ನಿನ್ನೆ ಕ್ಲಿನಿಕ್ಕಿಗೆ ಒಬ್ಬ ಮುದುಕ ನಿನ್ನ ಪುಸ್ತಕ ಹಿಡಿದು ಬಂದ. ಪುಸ್ತಕದ ಡೆಲ್ಫೀನಾ ನೀವೇ ಏನು, ಒಂದು ದಿನ ನನಗೂ ದಾರಿ ತೋರಿಸುತ್ತೀರಾ ಎಂದು ಕೇಳಿದ. ಪಾಪ, ಅವನಿಗೂ ಮೊಣಕಾಲು. ಹತ್ತೊಂಬತ್ತನೆಯದಕ್ಕೆ ನನ್ನ ಸಹಾಯ ಬೇಡ, ಪುಸ್ತಕದಲ್ಲೇ ಎಲ್ಲ ಇದೆ ಎಂದೆ. ಹಾಗಾದರೆ ನಿಮಗೆ ಗೊತ್ತಿರುವ ಬೇರೆ ತೋಪು ಇದ್ದರೆ ಹೇಳಿ ಎಂದ. ಹೇಳಿಬಿಡಲು ಬಾಯಿ ತೆರೆದಿದ್ದೆ. ಈಗ ನನಗೆ ಗೊತ್ತಿರುವ ತೋಪು ನಿನ್ನ ಪುಸ್ತಕದಲ್ಲಿರುವುದೊಂದೇ, ಮಾರ್ಜರಿ.

ನಿನಗೆ ಕೇಡಾಗಲಿ ಎಂದು ನಾನು ಬಯಸುವುದಿಲ್ಲ. ನಿನ್ನ ಅಂಗಳದಲ್ಲೂ ಮಳೆ ಬೀಳಲಿ, ಆರೋಗ್ಯವಾಗಿರು. ನನ್ನನ್ನು ಹುಡುಕಿಕೊಂಡು ಮಾತ್ರ ಬರಬೇಡ.

ಹೋಗಿ ಬಾ ಎನ್ನದೆ, ಹೋಗು ಎಂದು ಹೇಳುತ್ತಿರುವ,
ಡೆಲ್ಫೀನಾ