ಹೆಸರು ಹೇಳದ ಸನ್ಮಾನ

ಏಪ್ರಿಲ್ 11
ಇವತ್ತೂ ಪಂಚಾಯತ್ ಟ್ಯಾಂಕರ್ ಬರಲಿಲ್ಲ. ಪಕ್ಕದ ಮನೆಯ ಶಶಿಪ್ರಭಕ್ಕನ ಬೋರ್‌ವೆಲ್‌ನಿಂದಲೇ ಪೈಪ್ ಎಳೆದು ಡ್ರಮ್ ತುಂಬಿಸಿದೆ. ಟ್ಯಾಂಕರ್ ಕಂಟ್ರಾಕ್ಟ್ ಅವರ ತಮ್ಮ ಶೋಧನ್‌ದು. "ಡ್ರೈವರ್ ಸಿಗುವುದಿಲ್ಲವಂತೆ ಟೀಚರ್, ಪಾಪ" ಎಂದರು.

ಏಪ್ರಿಲ್ 13, ಸಂಜೆ
ಬಂಟ್ವಾಳದಲ್ಲಿ ಮದುವೆ. ಊಟವಾಗಿ ಕೈ ತೊಳೆಯಲು ಹಾಲ್‌ನ ಹಿಂದೆ ಹೋದರೆ — ಅದೇ ಟ್ಯಾಂಕರ್. ಮೇಲೆ 'ಪಂಚಾಯತ್ ಕುಡಿಯುವ ನೀರು' ಬ್ಯಾನರ್. ಪೈಪ್ ಮಾತ್ರ ಹಾಲ್‌ನ ಸಂಪಿನೊಳಗೆ. ನಮ್ಮ ಮನೆಗಳಿಗೆ ಕೊಟ್ಟ ನೀರೆಂದು ಬಿಲ್ ಆಗುತ್ತದೆ. ಫೋಟೋ ತೆಗೆದೆ.

ಪಂಚಾಯತ್‌ಗೆ ಮೋಸ ಮಾಡಿದವರ ಸಾಕ್ಷಿ ಕೊಟ್ಟರೆ, ವಸೂಲಾದ ಹಣದಲ್ಲಿ ಪಾಲು. ಹೆಸರು ಗುಟ್ಟು. ನೋಟಿಸ್ ಬೋರ್ಡಿನಲ್ಲಿ ಹಾಗೆಂದಿದೆ.

ಏಪ್ರಿಲ್ 16
ಪಂಚಾಯತ್ ಅಧ್ಯಕ್ಷ ಮುಂಡಪ್ಪಣ್ಣನಿಗೆ ಫೋಟೋ ವಾಟ್ಸಾಪ್ ಮಾಡಿದೆ. ಬಹುಮಾನ ಇಲ್ಲದಿದ್ದರೂ ಕಳುಹಿಸುತ್ತಿದ್ದೆನೇ? ಪ್ರಾಬಬ್ಲಿ.

ಮೇ 2
ಶೋಧನ್ ದಂಡ ಕಟ್ಟಿದನಂತೆ. ಕಂಟ್ರಾಕ್ಟೂ ಹೋಯಿತು.
"ಮದುವೆಗೆ ಬಂದವರೇ ಯಾರೋ ಫೋಟೋ ತೆಗೆದದ್ದು. ಉಂಡ ಕೈಯಲ್ಲೇ!" ಎಂದರು ಶಶಿಪ್ರಭಕ್ಕ. ಸ್ವಲ್ಪ ತಡೆದು, "ನೀವೂ ಹೋಗಿದ್ದಿರಲ್ಲ ಟೀಚರ್, ಫೋಟೋ ಎಲ್ಲ ಕಳಿಸಿ ಆಯ್ತಾ. ಮದುಮಗಳ ಸೀರೆ ನೋಡ್ಬೇಕಿತ್ತು."
ನೋಡಬೇಕಿದ್ದದ್ದು ಸೀರೆಯನ್ನೇ? ಟ್ಯಾಂಕರಿನದ್ದು ಬಿಟ್ಟು ಕಳುಹಿಸಿದೆ. ಎಲ್ಲವೂ ಮದುಮಗಳದ್ದೇ... ಅದೇ ಅನುಮಾನ ತರಿಸಿತೋ ಏನೋ.

ಮೇ 3
ಶಶಿಪ್ರಭಕ್ಕನ ಪೈಪಿನಲ್ಲಿ ನೀರು ನಿಧಾನ. ವೋಲ್ಟೇಜ್ ಇಲ್ಲದಿರಬಹುದು. ಇರಬಹುದು.

ಮೇ 9
ಮುಂಡಪ್ಪಣ್ಣನ ಫೋನ್. "ಟೀಚರ್, ಬಹುಮಾನ ಪಾಸಾಯಿತು. ಗ್ರಾಮಸಭೆಗೆ ಬನ್ನಿ, ಸಣ್ಣ ಸನ್ಮಾನ ಉಂಟು."
"ಹೆಸರು ಗುಟ್ಟು ಅಂದಿದ್ದಿರಲ್ಲ?"
"ಹೆಸರು ಯಾರು ಹೇಳ್ತಾರೆ ಮಾರಾಯ್ರೆ? ಸ್ಟೇಜಲ್ಲಿ ಶಾಲು ಮಾತ್ರ ಹಾಕುವುದು!"
ಪೆದ್ದುತನವೋ, ಶೋಧನ್ ಹೇಳಿಕೊಟ್ಟದ್ದೋ? ಬಹುಮಾನವೇ ಬೇಡ ಎಂದೆ.
"ಛೆ, ನಿಮ್ಮನ್ನು ಹಾಗೇ ಬಿಡ್ಲಿಕ್ಕುಂಟಾ?" ಎಂದು ನಕ್ಕರು. ಆ ನಗು...

ಮೇ 14, ಸಂಜೆ
ಗ್ರಾಮಸಭೆ ತಪ್ಪಿಸಲೆಂದೇ ಮೂಡಬಿದಿರೆಗೆ ಹೋಗಿದ್ದೆ. ಬಂದು ಬೀಗ ತೆಗೆಯುವಷ್ಟರಲ್ಲಿ ಶಶಿಪ್ರಭಕ್ಕ ಹಾಜರು. ಕೈಯಲ್ಲಿ ಶಾಲು, ಹಣ್ಣಿನ ಬುಟ್ಟಿ.
"ನೀವಿರಲಿಲ್ಲ ಅಂತ ಪಂಚಾಯತ್‌ನವರು ನಮ್ಮಲ್ಲಿ ಕೊಟ್ಟು ಹೋದ್ರು. ಏನು ವಿಶೇಷ?"
ನಗುತ್ತಲೇ ಕೇಳಿದರು. ಚಹಾ ತರುತ್ತೇನೆ ಎಂದು ಒಳಗೆ ಬಂದಿದ್ದೇನೆ. ಎಸ್ಸೆಸ್ಸೆಲ್ಸಿ ರಿಸಲ್ಟ್‌ಗೆ ಕೊಟ್ಟದ್ದು ಎನ್ನಬಹುದು. ನಂಬಲೂಬಹುದು. ಅಥವಾ ಗೊತ್ತಿದ್ದೇ ಕೇಳಿದರೋ? ಗೊತ್ತಿದ್ದರೆ, ಸುಳ್ಳು ಹೇಳುವ ನಾನು ಹೇಗೆ ಕಾಣುತ್ತೇನೆ?
ಹೊರಗಿನಿಂದ ಕರೆಯುತ್ತಿದ್ದಾರೆ. "ಟೀಚರ್, ಶೋಧನ್ ಬಂದ. ಅವನಿಗೂ ಒಂದು ಗ್ಲಾಸ್ ಚಾ ಇಡಿ ಆಯ್ತಾ."
ಇಟ್ಟೆ. ಹೋಗಿ, ಕುಳಿತುಕೊಳ್ಳುವ ಮೊದಲೇ ಹೇಳಿಬಿಡಬೇಕು, ಆ ಫೋಟೋ ನಾನೇ —