ಅಪ್ಪ ಮಾಡಿಸಿದ ಐದು ಬೋರ್ಡುಗಳು

ಚಿನಕುರಳಿ,

ಕೈಯಲ್ಲಿ ಹಿಡಿದು ಆಡುವ ಆ ಗೇಮ್ ಪೆಟ್ಟಿಗೆಗೆಂದು ನಿನ್ನ ಅಪ್ಪ ತೀರಿಕೊಳ್ಳುವ ಮುನ್ನ ಮಾಡಲು ಕೊಟ್ಟಿದ್ದ ಸರ್ಕ್ಯೂಟ್ ಬೋರ್ಡುಗಳು ಬಂದಿವೆ. ಒಂದೇ ಸಾಕೆಂದರೂ ಐದು ಕಳಿಸುತ್ತಾರಂತೆ. ದೇವರ ಮುಂದೆ ಇಟ್ಟಿದ್ದೇನೆ. ಕೈ ತೊಳೆದು, ಅಂಚು ಹಿಡಿದು ತೆಗೆದುಕೋ.

ಅವನು ತನಗೆಂದು ಮಾಡಿಕೊಂಡಿದ್ದ ಹಳೆಯದರ ಪಕ್ಕ ಇಟ್ಟು ನೋಡಿದೆ. ಗುಂಡಿಗಳ ಜಾಗವೆಲ್ಲ ಎಡಬಲ ಅದಲುಬದಲಾಗಿತ್ತು. ಕಾರ್ಖಾನೆಗೆ ಫೋನ್ ಮಾಡಿ ಚೆನ್ನಾಗಿ ರೇಗಿದೆ. ಅಲ್ಲಿದ್ದ ಹೆಂಗಸು, "ತಪ್ಪಾಗಿಲ್ಲ ಯಜಮಾನ್ರೇ, ನಾವೂ ಅನುಮಾನ ಬಂದು ಕೇಳಿದ್ವಿ. ಅವರೇ 'ನನ್ನ ಮಗಳದು ಎಡಗೈ, ಹಾಗೇ ಇರ್ಲಿ' ಅಂದ್ರು," ಎಂದಳು. ರೇಗಿದ್ದಕ್ಕೆ ಕ್ಷಮೆ ಕೇಳಿ ಫೋನ್ ಇಟ್ಟೆ.

ಬೆಸುಗೆ ಹಾಕುವ ಕಡ್ಡಿ ಅವನ ಮೇಜಿನ ಮೇಲೆಯೇ ಇದೆ. ಕೋಣೆಯ ಬಾಗಿಲು ತೆಗೆದು ಧೂಳು ಒರೆಸಿದ್ದೇನೆ. ಅಲ್ಲಿಗೆ ಕಾಲಿಡುವುದಿಲ್ಲವೆಂದು ನೀನು ಹಟ ಹಿಡಿದಿರುವುದನ್ನು ಬಲ್ಲೆ. ನನಗೂ ಹೊಸಿಲು ದಾಟುವುದು ಸುಲಭವಾಗಲಿಲ್ಲ, ದೇವರು ದಾಟಿಸಿದ.

ಊಟ ಮುಚ್ಚಿಟ್ಟಿದ್ದೇನೆ, ಮೊದಲು ಉಣ್ಣು. ಬೆಸುಗೆ ಹಾಕಲು ಕೂರುವಾಗ ಕಿಟಕಿ ತೆರೆದಿಟ್ಟುಕೋ, ಅವನ ಹಾಗೆ ಹೊಗೆಯಲ್ಲಿ ಮುಖ ಹುದುಗಿಸಬೇಡ. ನಾನು ಪ್ರಾರ್ಥನೆ ಮುಗಿಸಿ ಬರುತ್ತೇನೆ.

ಒಂದು ಕೆಟ್ಟರೆ ಕೆಡಲಿ, ಇನ್ನೂ ನಾಲ್ಕಿವೆ. ಬೇರೆ ಯಾರ ಕೈಗೂ ಅವು ಒಗ್ಗುವುದಿಲ್ಲ, ಮಗಳೇ.

ತಾತ