ಅಮ್ಮನಿಗೂ ಒಂದು ಕೆಲಸ

ಜುಲೈ ೪
ಅಸೆಂಬ್ಲಿ, ಹಾಜರಿ, ಆಮೇಲೆ ನಮಗೆ, ಕ್ಲಾಸ್ ಲೀಡರ್‌ಗಳಿಗೆ, ತರಬೇತಿ. ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವವನು ಲೀಡರ್ ಅಲ್ಲ, ಕತ್ತೆ — ಪಿಟಿ ಸರ್ ಹೇಳಿದ್ದು. ಕೆಲಸ ಹಂಚಬೇಕಂತೆ. ನಮ್ಮ ಮನೆಗೆ ಹೇಳಿ ಮಾಡಿಸಿದ ಪಾಠ. ಅಮ್ಮ ಆಪರೇಷನ್ ಆಗಿ ಬಂದಾಗಿನಿಂದ ಅಡುಗೆಮನೆ ನೋಡುವ ಹಾಗಿಲ್ಲ.

ಜುಲೈ ೫, ಸಂಜೆ
ಹಂಚಿಬಿಟ್ಟೆ. ಅಪ್ಪನಿಗೆ ಅಡುಗೆ. ತಮ್ಮನಿಗೆ ಪಾತ್ರೆ. ನನಗೆ ಬಟ್ಟೆ, ಅಮ್ಮನ ಮಾತ್ರೆ. ತಮ್ಮ ಮೂಗು ಮುರಿದ. "ಲೀಡರ್ ಆಗಿದ್ದೇ ಆಗಿದ್ದು, ಇವಳಿಗೆ ಕೊಂಬು ಬಂದಿದೆ." ಅಪ್ಪ ಸೌಟು ಹಿಡಿದು ಸೆಲ್ಯೂಟ್ ಹೊಡೆದರು. ಅಮ್ಮ ಹೊಲಿಗೆಯ ಜಾಗ ಒತ್ತಿ ಹಿಡಿದುಕೊಂಡು ನಕ್ಕಳು.

ಜುಲೈ ೧೧
ಎಲ್ಲ ಸರಾಗ. ಒಳಗೊಳಗೇ ಜಂಬ. ಇವತ್ತು ಅಮ್ಮ ಗೋಡೆ ಹಿಡಿದುಕೊಂಡು ಬಂದು ಈರುಳ್ಳಿ ಬುಟ್ಟಿಗೆ ಕೈ ಹಾಕಿದಳು. ಗದರಿದೆ.
"ಅದು ಅಪ್ಪನ ಕೆಲಸ. ಹೋಗಿ ಮಲಕ್ಕೋಮ್ಮ."
"ನಂಗೇನ್ ಕೆಲಸ ಕೊಟ್ಟಿದ್ದೀಯ?"
"ರೆಸ್ಟ್."
ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು. ಮಲಗಿದಲ್ಲಿಂದಲೇ ಕೇಳಿದಳು — "ನಾನಿಲ್ದೆ ಇದ್ರೂ ನಡೆಯತ್ತೆ, ಅಲ್ವಾ?"
ಮಾತ್ರೆ ತರುವ ನೆಪದಲ್ಲಿ ಹೊರಗೆ ಬಂದುಬಿಟ್ಟೆ.

ಜುಲೈ ೧೨
ಪಿಟಿ ಸರ್ ಹತ್ತಿರ ಕೇಳಿದೆ, ಕೈಲಾಗದವರಿಗೆ ಯಾವ ಕೆಲಸ ಕೊಡುವುದು? "ಏನಾದ್ರೂ ಒಂದು ಇದ್ದೇ ಇರತ್ತೆ, ಹುಡುಕು."
ಮಂಚದ ಮೇಲೇ ತಟ್ಟೆ, ಚಾಕು, ಈರುಳ್ಳಿ ಇಟ್ಟುಕೊಟ್ಟೆ. ಒಂದು ಹೆಚ್ಚುವಷ್ಟರಲ್ಲಿ ಸುಸ್ತು. ಊಟ ತಡ, ತಮ್ಮನ ಕೂಗಾಟ. ಆದರೂ ಅಮ್ಮನ ಜೋರು ನೋಡಬೇಕು! "ರೀ, ಉಪ್ಪು ಈಗ್ಲೇ ಸುರೀಬೇಡಿ!" ಎಷ್ಟು ದಿನವಾಗಿತ್ತು ಆ ಗಂಟಲು ಕೇಳಿ... ಖುಷಿಯಾಯಿತು.

ಜುಲೈ ೧೯
ಮತ್ತೆ ಆಸ್ಪತ್ರೆ. ನರ್ಸ್ ನಮ್ಮನ್ನು ಒಳಗೆ ಬಿಡಲಿಲ್ಲ.

ಆಗಸ್ಟ್ ೬
ಅಮ್ಮ ಹೋದಳು. ಇಷ್ಟೇ ಬರೆಯಲು ಆಗುವುದು.

ಆಗಸ್ಟ್ ೧೩
ಶಾಲೆಗೆ ಹೋದೆ. ಪಿಟಿ ಸರ್ ತಲೆ ಸವರಿದರು. "ಧೈರ್ಯವಾಗಿರು. ಮನೆಗೂ ಈಗ ನೀನೇ ಲೀಡರ್." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಯಾರಿಗೆ ಬೇಕು ಈ ಲೀಡರ್‌ಗಿರಿ?
ಮನೆಗೆ ಬಂದರೆ ಅಪ್ಪ ಅಮ್ಮನ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ತಮ್ಮ, ಅತ್ತು ಅತ್ತು ಮುಖ ಊದಿತ್ತು. ಇಬ್ಬರೂ ತಲೆಯೆತ್ತಿ ನನ್ನನ್ನೇ ನೋಡಿದರು.
"ಇವನ್ನೆಲ್ಲ ಏನ್ ಮಾಡೋಣ, ನೀನೇ ಹೇಳಮ್ಮ."
ನನ್ನನ್ನು ಕೇಳಬೇಡಿ ಅಪ್ಪ. ನನಗೂ ಗೊತ್ತಿಲ್ಲ. ನಾನಿನ್ನೂ ಚಿಕ್ಕವಳು.